ಸೂಜಿಮೊನೆಯಷ್ಟು ಸಾಕ್ಷಿ

ಮೂರು ಸೆಂಟಿಮೀಟರ್ ಅಡ್ಡಳತೆಯ ಗಡ್ಡೆಯೊಂದನ್ನು ದುಂಡಗಿದೆ ಎಂದೇ ಎಣಿಸಿದರೆ ಅದರ ಗಾತ್ರ ಸುಮಾರು 14 ಮಿಲಿಲೀಟರ್. ಬಯಾಪ್ಸಿ ಸೂಜಿ ಅದರೊಳಗಿಂದ ಒಂದು ಸಲಕ್ಕೆ ಕತ್ತರಿಸಿ ತರುವ ಎಳೆ ಸಾಮಾನ್ಯವಾಗಿ ಒಂದು ಮಿಲಿಮೀಟರ್ ದಪ್ಪ, ಒಂದೂಮುಕ್ಕಾಲು ಸೆಂಟಿಮೀಟರ್ ಉದ್ದ. ಲೆಕ್ಕ ಹಾಕಿದರೆ ಗಡ್ಡೆಯ ಸಾವಿರದಲ್ಲೊಂದು ಪಾಲು, ಎಷ್ಟೋ ಸಲ ಅದೂ ಇಲ್ಲ. ಈ ಎಳೆಯನ್ನು ನೋಡಿ ಪೆಥಾಲಜಿಸ್ಟ್ ಹೇಳಬೇಕು: ಇದು ಕ್ಯಾನ್ಸರೋ ಅಲ್ಲವೋ, ಕ್ಯಾನ್ಸರಾದರೆ ಯಾವ ಜಾತಿಯದು, ಇಲ್ಲೇ ಹುಟ್ಟಿದ್ದೋ ಬೇರೆಡೆಯಿಂದ ಬಂದು ನೆಲೆಸಿದ್ದೋ, ಯಾವ ಔಷಧಕ್ಕೆ ಬಗ್ಗೀತು. ಆಪರೇಷನ್ ಮೊದಲೋ ಕೀಮೋ ಮೊದಲೋ ಎಂಬ ತೀರ್ಮಾನ, ಮನೆಯವರು ಹೊಂದಿಸಬೇಕಾದ ದುಡ್ಡು, ರೋಗಿಯ ಮುಂದಿನ ಒಂದೆರಡು ವರ್ಷ, ಎಲ್ಲವೂ ಆ ಎಳೆಯ ಮೇಲೆ ನಿಂತಿರುತ್ತವೆ.

ಎಪಿಎಂಸಿ ಯಾರ್ಡಿನಲ್ಲಿ ವರ್ತಕ ಚೂಪು ತುದಿಯ ಕೊಳವೆಯನ್ನು ಮೂಟೆಗೆ ಚುಚ್ಚಿ ಒಂದಿಷ್ಟು ಕಾಳು ಎಳೆದು ಅಂಗೈಯಲ್ಲಿ ಹರಡಿ ನೋಡುತ್ತಾನಲ್ಲ, ಮೇಲುನೋಟಕ್ಕೆ ಇದೂ ಅದೇ ಉಪಾಯ. ಆದರೆ ಮೂಟೆಯ ಬಾಯಿಯಲ್ಲಿರುವ ಕಾಳಿಗೂ ತಳದ ಕಾಳಿಗೂ ಅಂಥ ವ್ಯತ್ಯಾಸವಿರುವುದಿಲ್ಲ. ಗಡ್ಡೆ ಹೀಗೆ ಒಂದೇ ಸಮನಾಗಿರುವುದಿಲ್ಲ. ಅದು ಬೇಗ ಬೇಗ ಬೆಳೆದಾಗ ನಡುಭಾಗಕ್ಕೆ ರಕ್ತ ಸಾಲದೆ ಅಲ್ಲಿನ ಜೀವಕೋಶಗಳು ಸತ್ತು ಕರಗಿರುತ್ತವೆ. ಬದುಕಿರುವ, ಬೆಳೆಯುತ್ತಿರುವ ಕೋಶಗಳು ಅಂಚಿನ ಕಡೆ. ಅದರಾಚೆ ದೇಹ ತನ್ನ ಪ್ರತಿರೋಧಕ್ಕಾಗಿ ಕಟ್ಟಿಕೊಂಡ ಊತ, ನಾರು. ಸೂಜಿ ಒಂದು ಸೆಂಟಿಮೀಟರ್ ಒಳಗೆ ಹೋದರೆ ಸತ್ತ ಮುದ್ದೆ ಸಿಗುತ್ತದೆ, ಒಂದು ಸೆಂಟಿಮೀಟರ್ ಹೊರಗುಳಿದರೆ ಬರೀ ಊತ. ಎರಡರಲ್ಲೂ ರಿಪೋರ್ಟು ‘ಕ್ಯಾನ್ಸರ್ ಕೋಶ ಕಂಡಿಲ್ಲ’ ಎಂದೇ ಬರುತ್ತದೆ, ಗಡ್ಡೆ ಮಾತ್ರ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಚುಚ್ಚುವ ಕೈಚಳಕಕ್ಕೆ ಈ ಕಸುಬಿನಲ್ಲಿ ಬೆಲೆಯಿದೆ, ನಿಜ. ಅದಕ್ಕೂ ಮುಂಚೆ ಎಲ್ಲಿಗೆ, ಯಾವ ದಾರಿಯಲ್ಲಿ, ಯಾವ ಪ್ರಶ್ನೆಗೆ ಉತ್ತರ ಹುಡುಕಿ ಚುಚ್ಚಬೇಕು ಎಂದು ಸ್ಕ್ಯಾನಿನ ಮುಂದೆ ಕೂತು ಯೋಚಿಸುವ ಹೊತ್ತಿಗೆ ಇನ್ನೂ ಹೆಚ್ಚಿನ ಬೆಲೆ.

ಸೂಜಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ತೆಳು ಸೂಜಿ: 22ರಿಂದ 25 ಗೇಜ್, ಅಂದರೆ ಅರ್ಧದಿಂದ ಮುಕ್ಕಾಲು ಮಿಲಿಮೀಟರಿನೊಳಗೆ. ಗೇಜ್ ಸಂಖ್ಯೆ ಏರಿದಷ್ಟೂ ಸೂಜಿ ಸಪೂರ. ಇದರಿಂದ ಬರುವುದು ಬಿಡಿಬಿಡಿ ಜೀವಕೋಶಗಳು. ಇದನ್ನೇ ಆಸ್ಪತ್ರೆಗಳಲ್ಲಿ ಎಫ್‌ಎನ್‌ಎಸಿ ಎನ್ನುತ್ತಾರೆ. ಇನ್ನೊಂದು ಕೋರ್ ಬಯಾಪ್ಸಿಯ ಸೂಜಿ: ಸಾಮಾನ್ಯವಾಗಿ 18 ಗೇಜ್, ಸ್ತನದ ಗಡ್ಡೆಗೆ 14 ಗೇಜ್‌ವರೆಗೂ ಹೋಗುತ್ತಾರೆ. ಇದರಿಂದ ಇಡೀ ಅಂಗಾಂಶದ ಎಳೆಯೇ ಬರುತ್ತದೆ. ಬಿಡಿ ಕೋಶಗಳನ್ನು ನೋಡಿ ಅವು ಕೆಟ್ಟವೇ ಎಂದು ಹೇಳಬಹುದು. ಆದರೆ ಆ ಕೋಶಗಳು ಹೇಗೆ ಜೋಡಿಸಿಕೊಂಡಿದ್ದವು, ಪಕ್ಕದ ಅಂಗಾಂಶಕ್ಕೆ ನುಗ್ಗಿದ್ದವೇ ಎಂದು ತಿಳಿಯಲು ಎಳೆಯೇ ಬೇಕು. ಕತ್ತಿನ ಗಂಟಿಗೆ, ಥೈರಾಯ್ಡಿಗೆ ತೆಳು ಸೂಜಿ ಹೆಚ್ಚಾಗಿ ಸಾಕಾಗುತ್ತದೆ. ಸ್ತನ, ಶ್ವಾಸಕೋಶ, ಲಿವರ್, ಮೂಳೆಗಳಲ್ಲಿ ಈಗ ಕೋರ್ ಸೂಜಿಯತ್ತಲೇ ಒಲವು.

ಈ ವಿದ್ಯೆಗೆ ಹೆಚ್ಚುಕಡಿಮೆ ನೂರು ವರ್ಷ. ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಶಸ್ತ್ರವೈದ್ಯ ಹೇಯ್ಸ್ ಮಾರ್ಟಿನ್, ಅಲ್ಲಿನ ಲ್ಯಾಬ್ ತಂತ್ರಜ್ಞ ಎಡ್ವರ್ಡ್ ಎಲ್ಲಿಸ್ ಜೊತೆ ಸೇರಿ 1930ರಲ್ಲಿ ಸೂಜಿಯಿಂದ ಗಡ್ಡೆಯ ಕೋಶಗಳನ್ನು ಹೀರಿ ತೆಗೆದು ರೋಗ ಗುರುತಿಸುವ ಬಗ್ಗೆ ಲೇಖನ ಪ್ರಕಟಿಸಿದರು. ಅವರು ಬಳಸಿದ್ದು ದಪ್ಪ ಸೂಜಿ, 18 ಗೇಜಿನದು. ಅಮೆರಿಕದಲ್ಲಿ ಅದು ಅಷ್ಟಾಗಿ ಬೇರೂರಲಿಲ್ಲ. ಇಷ್ಟು ಸಣ್ಣ ಚೂರನ್ನು ನೋಡಿ ತೀರ್ಪು ಕೊಡಲು ಪೆಥಾಲಜಿಸ್ಟುಗಳು ಹಿಂಜರಿದರು. ಸೂಜಿ ಚುಚ್ಚಿದರೆ ರೋಗ ಹರಡೀತೆಂಬ ಅಳುಕು ಆಗ ವೈದ್ಯರಲ್ಲೇ ಇತ್ತು. ಇವತ್ತು ನಮ್ಮ ಹಳ್ಳಿಗಳಲ್ಲಿ ಕೇಳುವ ಮಾತೂ ಅದೇ.

ಬೇರೂರಿದ್ದು ಸ್ವೀಡನ್ನಿನಲ್ಲಿ. 1950ರ ದಶಕದಲ್ಲಿ ಸ್ಟಾಕ್‌ಹೋಮಿನ ಕ್ಯಾರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಸಿಕ್ಸ್ಟನ್ ಫ್ರಾನ್ಸೆನ್ ಎಂಬ ವೈದ್ಯರು ತೆಳು ಸೂಜಿಯನ್ನು ಹಿಡಿದರು. ಮೂಲತಃ ರಕ್ತದ ಕಾಯಿಲೆಗಳಲ್ಲಿ ಪಳಗಿದವರಾದ್ದರಿಂದ ಗಾಜಿನ ಮೇಲೆ ಹರಡಿದ ಬಿಡಿ ಕೋಶಗಳನ್ನು ಓದುವುದು ಅವರಿಗೆ ಹೊಸದೇನಾಗಿರಲಿಲ್ಲ. ಒಂದೇ ಕೈಯಲ್ಲಿ ಸಿರಿಂಜನ್ನು ಹಿಡಿದು ಎಳೆಯಲು ಬರುವಂಥ ಹಿಡಿಕೆಯನ್ನು ಅವರು ಬಳಕೆಗೆ ತಂದರು. ಇನ್ನೊಂದು ಕೈ ಗಂಟನ್ನು ಅಲುಗದಂತೆ ಒತ್ತಿ ಹಿಡಿಯಲು ಬಿಡುವಾಯಿತು. ಚಿಕ್ಕ ಸುಧಾರಣೆ, ಆದರೆ ಎರಡೂ ಕೈ ಸಿರಿಂಜಿನಲ್ಲೇ ಸಿಕ್ಕಿಕೊಂಡರೆ ಗಂಟು ಚರ್ಮದಡಿ ಜಾರಿಹೋಗುತ್ತದೆ ಎಂದು ಚುಚ್ಚಿದವರಿಗೇ ಗೊತ್ತು. ಅವರೂ ಅವರ ಸಂಗಡಿಗ ಜೋಸೆಫ್ ಝಾಯಿಚೆಕ್ ಅವರೂ ಇನ್ನೊಂದು ಪದ್ಧತಿ ಬೆಳೆಸಿದರು: ಚುಚ್ಚಿದವರೇ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕೈಗೆ ಗಂಟು ಹೇಗೆ ತಾಗಿತು, ಸೂಜಿ ಹೇಗೆ ಇಳಿಯಿತು ಎಂಬುದೆಲ್ಲ ಸ್ಲೈಡ್ ಓದುವವರ ತಲೆಯಲ್ಲೇ ಇರಬೇಕು ಎಂಬುದು ಅದರ ಹಿಂದಿನ ತರ್ಕ.

ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ ಈ ಪದ್ಧತಿಯ ಗುರುತು ಇವತ್ತಿಗೂ ಇದೆ. ಎಫ್‌ಎನ್‌ಎಸಿ ಕೋಣೆ ಹೆಚ್ಚಾಗಿ ಪೆಥಾಲಜಿ ವಿಭಾಗದಲ್ಲೇ ಇರುತ್ತದೆ, ಚುಚ್ಚುವವರೂ ಪೆಥಾಲಜಿಯವರೇ. ಒಂದು ಸಿರಿಂಜು, ಒಂದು ಸೂಜಿ, ನಾಲ್ಕು ಗಾಜಿನ ಸ್ಲೈಡು, ಒಂದಿಷ್ಟು ಸ್ಪಿರಿಟ್ ಇದ್ದರೆ ಕೆಲಸ ನಡೆಯುತ್ತದೆ. ಬಡ ದೇಶಕ್ಕೆ ಇದಕ್ಕಿಂತ ಒಪ್ಪುವ ಪರೀಕ್ಷೆ ಕಡಿಮೆ. ಕೆಲವರು ಸಿರಿಂಜನ್ನೂ ಬಿಟ್ಟುಬಿಡುತ್ತಾರೆ. 1980ರ ದಶಕದಲ್ಲಿ ಪ್ಯಾರಿಸ್ಸಿನ ಕ್ಯೂರಿ ಸಂಸ್ಥೆಯ ಝಾಯ್ಡೆಲಾ ಮತ್ತು ಸಂಗಡಿಗರು ಹೀರುವ ಅಗತ್ಯವೇ ಇಲ್ಲವೆಂದು ತೋರಿಸಿದರು: ಬರೀ ಸೂಜಿಯನ್ನು ಬೆರಳುಗಳಲ್ಲಿ ಹಿಡಿದು ಗಂಟಿನೊಳಗೆ ಹಿಂದೆ ಮುಂದೆ ಆಡಿಸಿದರೆ ಸಡಿಲಗೊಂಡ ಕೋಶಗಳು ತಾವಾಗಿ ಸೂಜಿಯ ಕೊಳವೆಯೊಳಕ್ಕೆ ಏರುತ್ತವೆ. ಥೈರಾಯ್ಡಿನಂಥ ರಕ್ತ ತುಂಬಿದ ಗ್ರಂಥಿಯಲ್ಲಿ ಇದರಿಂದ ರಕ್ತದ ಕಲಬೆರಕೆ ಕಡಿಮೆ. ಮೇಲಾಗಿ ಬೆರಳಿಗೆ ಗಂಟಿನ ಹದ ತಿಳಿಯುತ್ತದೆ. ಮೆತ್ತಗೋ, ರಬ್ಬರಿನಂತೆ ಪುಟಿಯುವುದೋ, ಮರಳುಮರಳೋ. ಸ್ತನದ ಕೆಲವು ಕ್ಯಾನ್ಸರುಗಳು ಸೂಜಿಗೆ ಮರಳುಮರಳಾಗಿ ತಾಗುತ್ತವೆ. ಅನುಭವಸ್ಥರು ಸ್ಲೈಡ್ ಒಣಗುವ ಮುನ್ನವೇ ಮುಖ ಗಂಭೀರ ಮಾಡಿಕೊಳ್ಳುವುದಕ್ಕೆ ಇದೊಂದು ಕಾರಣ.

ಆದರೆ ಕೈಗೆ ಸಿಗುವ ಗಂಟುಗಳಷ್ಟೇ ಗಂಟುಗಳಲ್ಲ. ಲಿವರಿನ ಹಿಂಬದಿಯಲ್ಲಿ, ಮೇದೋಜೀರಕ ಗ್ರಂಥಿಯ ತಲೆಯಲ್ಲಿ, ಶ್ವಾಸಕೋಶದ ಮೂಲೆಯಲ್ಲಿ ಕೂತ ಗಡ್ಡೆಯನ್ನು ಯಾವ ಬೆರಳೂ ಮುಟ್ಟಲಾರದು. ಅಲ್ಲಿಗೆ ಕಣ್ಣು ಬೇಕಾಯಿತು. 1972ರಲ್ಲಿ ಕೋಪನ್‌ಹೇಗನ್ನಿನಲ್ಲಿ ಹಾನ್ಸ್ ಹೆನ್ರಿಕ್ ಹೋಲ್ಮ್ ಅವರ ತಂಡ, ಅಮೆರಿಕದಲ್ಲಿ ಬ್ಯಾರಿ ಗೋಲ್ಡ್‌ಬರ್ಗ್ ಅವರ ತಂಡ, ಬೇರೆ ಬೇರೆಯಾಗಿಯೇ ಒಂದೇ ಉಪಾಯಕ್ಕೆ ಬಂದವು: ಅಲ್ಟ್ರಾಸೌಂಡ್ ಪ್ರೋಬಿನ ನಟ್ಟನಡುವೆ ಒಂದು ತೂತು ಕೊರೆದು ಅದರೊಳಗಿಂದಲೇ ಸೂಜಿ ಇಳಿಸುವುದು. 1976ರಲ್ಲಿ ಕ್ಲೀವ್‌ಲೆಂಡಿನ ಜಾನ್ ಹಾಗಾ ಮತ್ತು ರಾಲ್ಫ್ ಅಲ್ಫಿಡಿ ಸಿಟಿ ಸ್ಕ್ಯಾನ್ ನೋಡಿಕೊಂಡು ಬಯಾಪ್ಸಿ ಮಾಡಿದ್ದನ್ನು ವರದಿ ಮಾಡಿದರು. ಸಿಟಿ ಯಂತ್ರದಲ್ಲಿ ಮೊದಲ ರೋಗಿ ಮಲಗಿ ಆಗ ಐದು ವರ್ಷವೂ ಸರಿಯಾಗಿ ಕಳೆದಿರಲಿಲ್ಲ.

ಅಲ್ಟ್ರಾಸೌಂಡಿನ ಕೆಲಸ ನೋಡಲು ಸುಲಭ, ಮಾಡಲು ಕಷ್ಟ. ಪ್ರೋಬಿನಿಂದ ಹೊರಡುವ ಶಬ್ದದಲೆಗಳು ದೇಹದ ಒಂದು ತೆಳುವಾದ ಪದರವನ್ನಷ್ಟೇ ಪರದೆಗೆ ತರುತ್ತವೆ. ಆ ಪದರದ ದಪ್ಪ ಕೆಲವೇ ಮಿಲಿಮೀಟರ್. ಸೂಜಿ ಉದ್ದಕ್ಕೂ ಆ ಪದರದೊಳಗೇ ಇದ್ದರೆ ಮಾತ್ರ ಬೆಳ್ಳಗಿನ ಗೆರೆಯಾಗಿ ಪೂರ್ತಿ ಕಾಣುತ್ತದೆ. ಕೊಂಚ ವಾಲಿದರೂ ಪರದೆಯಲ್ಲಿ ಕಾಣುವ ತುದಿ ನಿಜವಾದ ತುದಿಯಲ್ಲ, ಸೂಜಿಯ ನಡುಭಾಗ ಪದರವನ್ನು ದಾಟಿದ ಜಾಗ. ತುದಿ ಅದರಾಚೆ ಎಲ್ಲೋ ಇರುತ್ತದೆ, ರಕ್ತನಾಳದ ಪಕ್ಕದಲ್ಲೂ ಇರಬಹುದು. ಕಲಿಯುವವರು ಮೊದಲು ಎಡವುವುದು ಇಲ್ಲೇ. ಎಡಗೈ ಪ್ರೋಬನ್ನು ಕೂದಲೆಳೆಯಷ್ಟು ಓರೆ ಮಾಡಿದರೆ ಬಲಗೈಯ ಸೂಜಿ ಪರದೆಯಿಂದ ಮಾಯ. ನುರಿತವರು ತುದಿ ಕಾಣದಾದ ಕ್ಷಣ ಸೂಜಿಯನ್ನು ನಿಲ್ಲಿಸುತ್ತಾರೆ. ಪ್ರೋಬನ್ನು ಮೆಲ್ಲಗೆ ಹೊರಳಿಸಿ ಗೆರೆಯನ್ನು ಮತ್ತೆ ಹುಡುಕಿ, ಸೂಜಿಯನ್ನು ಕೊಂಚ ಅಲುಗಿಸಿ ಅಂಗಾಂಶ ಎಲ್ಲಿ ಅಲುಗಿತು ಎಂದು ನೋಡಿ, ಆಮೇಲಷ್ಟೇ ಮುಂದುವರಿಯುತ್ತಾರೆ. ಸೂಜಿ ಕಡಿದಾಗಿ ಇಳಿದಷ್ಟೂ ಶಬ್ದದಲೆ ಅದರಿಂದ ಬೇರೆ ದಿಕ್ಕಿಗೆ ಚಿಮ್ಮಿ ಗೆರೆ ಮಸುಕಾಗುತ್ತದೆ. ಹಾಗಾಗಿ ಚರ್ಮದ ಮೇಲೆ ಪ್ರವೇಶದ ಜಾಗವನ್ನು ಗಡ್ಡೆಯಿಂದ ಕೊಂಚ ದೂರವೇ ಆರಿಸುತ್ತಾರೆ. ನೋಡುವವರಿಗೆ ಬಳಸುದಾರಿ ಅನ್ನಿಸುತ್ತದೆ.

ಅಲ್ಟ್ರಾಸೌಂಡಿನ ದೊಡ್ಡ ಸೊಗಸು ಅದು ಕ್ಷಣಕ್ಷಣವೂ ತೋರಿಸುತ್ತದೆ ಎಂಬುದು. ಲಿವರ್ ಉಸಿರಿನೊಂದಿಗೆ ಕೆಳಗೆ ಮೇಲೆ ಜಾರುತ್ತದೆ. ಅದನ್ನು ಕಣ್ಣಾರೆ ನೋಡುತ್ತಲೇ ‘ಉಸಿರು ಹಿಡೀರಿ ಅಮ್ಮಾ, ಹಾಗೇ, ಹಾಗೇ’ ಎಂದು ಸರಿಯಾದ ಗಳಿಗೆಯಲ್ಲಿ ಸೂಜಿ ಹಾಕಬಹುದು. ವಿಕಿರಣವೂ ಇಲ್ಲ. ಆದರೆ ಶಬ್ದದಲೆ ಗಾಳಿಯನ್ನು ದಾಟದು, ಮೂಳೆಯನ್ನೂ ದಾಟದು. ಶ್ವಾಸಕೋಶವೆಂದರೆ ಗಾಳಿಯೇ. ಎದೆಗೋಡೆಗೆ ಅಂಟಿಕೊಂಡ ಗಡ್ಡೆಯಾದರೆ ಸರಿ, ಒಳಗಿನದಕ್ಕೆ ಸಿಟಿಯೇ ಗತಿ.

ಸಿಟಿ ಕೋಣೆಯ ಕೆಲಸದ ಲಯವೇ ಬೇರೆ. ರೋಗಿಯನ್ನು ಗಡ್ಡೆಗೆ ಹತ್ತಿರದ ದಾರಿ ಮೇಲೆ ಬರುವಂತೆ ಅಂಗಾತವೋ ಬೋರಲೋ ಮಗ್ಗುಲೋ ಮಲಗಿಸುತ್ತಾರೆ. ಚರ್ಮದ ಮೇಲೆ ಲೋಹದ ಗೆರೆಗಳಿರುವ ಪಟ್ಟಿ ಅಂಟಿಸಿ ಒಂದು ಸ್ಕ್ಯಾನ್. ಗೆರೆಗಳು ಚಿತ್ರದಲ್ಲಿ ಚುಕ್ಕೆಗಳಾಗಿ ಕಾಣುತ್ತವೆ. ಯಾವ ಚುಕ್ಕೆಯಿಂದ ಎಷ್ಟು ಆಳ, ಎಷ್ಟು ಓರೆ ಎಂದು ಪರದೆಯಲ್ಲೇ ಅಳೆದು ಚರ್ಮಕ್ಕೆ ಮಾರ್ಕರಿನಿಂದ ಗುರುತು ಹಾಕುತ್ತಾರೆ. ದಾರಿಯ ಆಯ್ಕೆಗೆ ಹಲವು ಕಟ್ಟುಪಾಡು. ಪಕ್ಕೆಲುಬಿನ ಕೆಳಗಂಚಿನಲ್ಲಿ ರಕ್ತನಾಳವೂ ನರವೂ ಸಾಗುತ್ತವೆ, ಆದ್ದರಿಂದ ಸೂಜಿ ಯಾವಾಗಲೂ ಪಕ್ಕೆಲುಬಿನ ಮೇಲಂಚನ್ನು ಸವರಿಕೊಂಡು ಹೋಗಬೇಕು. ಶ್ವಾಸಕೋಶದ ಹೊದಿಕೆಯನ್ನು ಒಂದೇ ಸಲ ದಾಟಬೇಕು. ಹಾಲೆಗಳ ನಡುವಿನ ಸೀಳನ್ನು ಹಾದರೆ ಅದೇ ಹೊದಿಕೆಯನ್ನು ಮತ್ತೆರಡು ಸಲ ತೂತು ಮಾಡಿದಂತೆ. ಬೀಡಿ ಸಿಗರೇಟಿನಿಂದ ಹಿಗ್ಗಿ ಗಾಳಿಗುಳ್ಳೆಗಳಾಗಿರುವ ಜಾಗವನ್ನು ಬಿಟ್ಟು ಹೋಗಬೇಕು. ಎಷ್ಟೋ ಸಲ ಅತಿ ಹತ್ತಿರದ ದಾರಿ ಒಳ್ಳೆಯ ದಾರಿಯಾಗಿರುವುದಿಲ್ಲ.

ಜೋಮು ಹಿಡಿಸುವ ಮದ್ದನ್ನು ಹೊದಿಕೆಯವರೆಗೂ ಕೊಡುತ್ತಾರೆ, ಆದರೆ ಅದನ್ನು ಚುಚ್ಚದಂತೆ. ಸೂಜಿ ಸ್ವಲ್ಪ ಇಳಿಸಿ ಸ್ಕ್ಯಾನ್, ದಿಕ್ಕು ತಿದ್ದಿ ಮತ್ತೆ ಸ್ಕ್ಯಾನ್. ಚಿತ್ರದಲ್ಲಿ ಸೂಜಿಯ ನಿಜವಾದ ತುದಿಯ ಮುಂದೆ ಕಪ್ಪನೆಯ ನೆರಳೊಂದು ಬೀಳುತ್ತದೆ. ಲೋಹ ಎಕ್ಸ್‌ರೇಯನ್ನು ತಡೆಯುವುದರಿಂದ ಆಗುವ ದೋಷ ಅದು. ಯಂತ್ರದ ಆ ದೋಷವನ್ನೇ ತುದಿಯ ಗುರುತಾಗಿ ಬಳಸಿಕೊಳ್ಳುವುದು ನನಗೆ ಈ ಕಸುಬಿನಲ್ಲಿ ತುಂಬ ಹಿಡಿಸಿದ ಜಾಣ್ಮೆ. ಇನ್ನೊಂದು ತೊಡಕು ಉಸಿರಿನದು. ರೋಗಿ ಒಂದು ಸಲ ತುಂಬಾ ಉಸಿರೆಳೆದು, ಇನ್ನೊಂದು ಸಲ ಸ್ವಲ್ಪವೇ ಎಳೆದರೆ ಕೆಳಹಾಲೆಯ ಚಿಕ್ಕ ಗಡ್ಡೆ ಒಂದೆರಡು ಸೆಂಟಿಮೀಟರ್ ಸರಿದಿರುತ್ತದೆ. ಆದ್ದರಿಂದ ಸೂಜಿ ಕೈಗೆತ್ತಿಕೊಳ್ಳುವ ಮೊದಲು ರೋಗಿಗೆ ತಾಲೀಮು ನಡೆಯುತ್ತದೆ: ಪ್ರತಿ ಸಲವೂ ಅಷ್ಟೇ ಸಣ್ಣ ಉಸಿರು, ಅಷ್ಟೇ ಹೊತ್ತು. ಕೆಮ್ಮುವ, ಹೆದರಿದ, ವಯಸ್ಸಾದ ಮನುಷ್ಯನಿಗೆ ಇದನ್ನು ಅವನ ಮಾತಿನಲ್ಲೇ ಹೇಳಿಕೊಡುವುದೂ ಕೌಶಲವೇ. ಕನ್ನಡ ಬಾರದ ವೈದ್ಯರು ಈ ಕೋಣೆಯಲ್ಲಿ ಮೊದಲು ಕಲಿಯಬೇಕಾದ ವಾಕ್ಯ ‘ಉಸಿರು ಹಿಡೀರಿ’.

ಶ್ವಾಸಕೋಶದ ಬಯಾಪ್ಸಿಯಾದವರಲ್ಲಿ ನೂರಕ್ಕೆ ಹದಿನೈದರಿಂದ ಇಪ್ಪತ್ತೈದು ಜನರಿಗೆ ಹೊದಿಕೆಯ ಸುತ್ತ ಒಂದಿಷ್ಟು ಗಾಳಿ ಸೋರಿ ನಿಲ್ಲುತ್ತದೆ. ಹೆಚ್ಚಿನವರಲ್ಲಿ ಅದು ತಾನಾಗಿ ಇಂಗುತ್ತದೆ, ಕೆಲವರಿಗೆ ಮಾತ್ರ ನಳಿಕೆ ಹಾಕಬೇಕಾಗುತ್ತದೆ. ಮುಗಿದ ಮೇಲೆ ಚುಚ್ಚಿದ ಮಗ್ಗುಲನ್ನೇ ಕೆಳಗೆ ಮಾಡಿ ಮಲಗಿಸುವುದು ಇದಕ್ಕಾಗಿ. ದೇಹದ ಭಾರವೇ ತೂತನ್ನು ಅದುಮಲಿ ಎಂದು. ಕಫದಲ್ಲಿ ಸ್ವಲ್ಪ ರಕ್ತ ಕಂಡರೆ ಗಾಬರಿ ಬೇಡ. ಉಸಿರಾಟ ಕಷ್ಟವಾದರೆ, ಎದೆನೋವು ಹೆಚ್ಚಿದರೆ ತಕ್ಷಣ ಹೇಳಬೇಕು.

ಇನ್ನು ಸದ್ದು ಮಾಡುವ ಉಪಕರಣಕ್ಕೆ ಬರೋಣ. ಮೊದಲು ಕೋರ್ ಸೂಜಿಯನ್ನು ಕೈಯಿಂದಲೇ ಆಡಿಸುತ್ತಿದ್ದರು. ಒಳಸೂಜಿಯನ್ನು ಮುಂದೆ ತಳ್ಳಿ ಅದರ ಪಕ್ಕದ ಕಚ್ಚಿನೊಳಗೆ ಅಂಗಾಂಶ ಬಿದ್ದಾಗ ಹೊರಗಿನ ಚೂಪು ಕೊಳವೆಯನ್ನು ಅದರ ಮೇಲೆ ಸರಿಸಿ ಕತ್ತರಿಸುವುದು. ಎರಡು ಕೈ, ಎರಡು ಚಲನೆ. ನಡುವೆ ಎಳೆ ಜಜ್ಜಿಹೋಗುತ್ತಿತ್ತು. ಸ್ವೀಡನ್ನಿನದೇ ಉಪ್ಸಾಲಾದ ರೇಡಿಯಾಲಜಿಸ್ಟ್ ಪೆರ್ ಲಿಂಡ್‌ಗ್ರೆನ್ 1982ರಲ್ಲಿ ಈ ಎರಡೂ ಚಲನೆಗಳನ್ನು ಸ್ಪ್ರಿಂಗಿಗೆ ಒಪ್ಪಿಸಿದ ಸಾಧನವನ್ನು ವಿವರಿಸಿದರು. ಗುಂಡಿ ಒತ್ತಿದರೆ ಕಣ್ಣೆವೆ ಇಕ್ಕುವುದರೊಳಗೆ ಒಳಸೂಜಿ, ಹೊರಕೊಳವೆ ಎರಡೂ ಒಂದರ ಹಿಂದೊಂದು ಚಿಮ್ಮಿ ಜಜ್ಜದ ಎಳೆ ಕೈಗೆ ಬರುತ್ತದೆ. ವೈದ್ಯರ ಬಾಯಲ್ಲಿ ಅದಕ್ಕೆ ‘ಗನ್’ ಎಂದೇ ಹೆಸರು ನಿಂತುಬಿಟ್ಟಿದೆ. ಟಪ್ ಎನ್ನುವ ಸದ್ದಿಗೆ ರೋಗಿ ಬೆಚ್ಚಿ ಅಲುಗಬಾರದೆಂದು ಒಳ್ಳೆಯ ವೈದ್ಯರು ಅದನ್ನು ಮೊದಲೇ ಗಾಳಿಯಲ್ಲಿ ಒಮ್ಮೆ ಹಾರಿಸಿ ಕೇಳಿಸುತ್ತಾರೆ.

ಈ ಗನ್ನಿನ ಸೂಜಿ ತುದಿಯಿಂದ ಸುಮಾರು ಎರಡು ಸೆಂಟಿಮೀಟರ್ ಮುಂದಕ್ಕೆ ಹಾರುತ್ತದೆ. ಅಂದರೆ ಪರದೆಯಲ್ಲಿ ಈಗ ತುದಿ ಎಲ್ಲಿದೆ ಎಂದು ನೋಡಿದರೆ ಸಾಲದು, ಮರುಕ್ಷಣ ಎಲ್ಲಿರುತ್ತದೆ ಎಂದು ಮನಸ್ಸಿನಲ್ಲೇ ಗೆರೆ ಎಳೆದು ನೋಡಬೇಕು. ಆ ಎರಡು ಸೆಂಟಿಮೀಟರಿನೊಳಗೆ ಮಹಾಪಧಮನಿ ಇದ್ದರೆ ಗುಂಡಿಯ ಮೇಲಿನ ಬೆರಳನ್ನು ತೆಗೆದು ದಾರಿ ಬದಲಿಸಬೇಕು. ಹಾರುವ ಉದ್ದವನ್ನು ಕಡಿಮೆ ಮಾಡಿಕೊಳ್ಳಬಹುದಾದ ಗನ್ನುಗಳೂ ಇವೆ. ಪದೇ ಪದೇ ಚುಚ್ಚದಿರಲು ಇನ್ನೊಂದು ಉಪಾಯ: ಮೊದಲು ಸ್ವಲ್ಪ ದಪ್ಪನೆಯ ಹೊರಸೂಜಿಯನ್ನು ಗಡ್ಡೆಯ ಅಂಚಿಗೆ ತಂದು ನಿಲ್ಲಿಸಿ, ಅದರೊಳಗಿಂದ ಗನ್ನಿನ ಸೂಜಿಯನ್ನು ನಾಲ್ಕಾರು ಸಲ ಕಳಿಸಿ, ಪ್ರತಿ ಸಲ ಕೊಂಚ ದಿಕ್ಕು ಬದಲಿಸುವುದು. ಶ್ವಾಸಕೋಶಕ್ಕೆ ತೂತು ಒಂದೇ, ಎಳೆ ನಾಲ್ಕು.

ಸ್ತನದಲ್ಲಿ ಗಂಟೇ ಇಲ್ಲದೆ ಮ್ಯಾಮೋಗ್ರಾಮಿನಲ್ಲಿ ಬರೀ ಸುಣ್ಣದ ಕಣಗಳು ಗುಂಪಾಗಿ ಕಾಣುವುದುಂಟು. ಅವನ್ನು ಮುಟ್ಟಲಾಗದು, ಅಲ್ಟ್ರಾಸೌಂಡಿನಲ್ಲೂ ಎಷ್ಟೋ ಸಲ ಕಾಣವು. ಆಗ ನಡುಗೆರೆಯಿಂದ ಎಡಕ್ಕೆ 15 ಡಿಗ್ರಿ, ಬಲಕ್ಕೆ 15 ಡಿಗ್ರಿ ಓರೆಯಲ್ಲಿ ಎರಡು ಎಕ್ಸ್‌ರೇ ಚಿತ್ರ ತೆಗೆಯುತ್ತಾರೆ. ಎರಡು ಚಿತ್ರಗಳಲ್ಲಿ ಕಣಗಳು ಎಷ್ಟು ಸರಿದವು ಎಂಬುದರಿಂದ ಕಂಪ್ಯೂಟರ್ ಆಳವನ್ನು ಲೆಕ್ಕ ಹಾಕುತ್ತದೆ. ನಮ್ಮ ಎರಡು ಕಣ್ಣುಗಳು ದೂರ ಅಳೆಯುವ ರೀತಿಯೇ ಇದು. ಎಳೆಗಳನ್ನು ತೆಗೆದ ಮೇಲೆ ಅವನ್ನೇ ಎಕ್ಸ್‌ರೇಗೆ ಇಟ್ಟು ಸುಣ್ಣದ ಕಣಗಳು ಬಂದಿವೆಯೇ ಎಂದು ನೋಡುವುದು ಇದರ ಕೊನೆಯ ಹಂತ. ಬಂದಿದ್ದರೆ ಗುರಿ ತಪ್ಪಿಲ್ಲ. ಆ ಜಾಗದಲ್ಲಿ ಟೈಟೇನಿಯಮ್ಮಿನ ಒಂದು ಪುಟ್ಟ ಕ್ಲಿಪ್ ಬಿಟ್ಟು ಬರುತ್ತಾರೆ, ಮುಂದೆ ಆಪರೇಷನ್ ಮಾಡುವವರಿಗೆ ಗುರುತಿರಲೆಂದು.

ಮೇದೋಜೀರಕ ಗ್ರಂಥಿಗೆ ಹೊಟ್ಟೆಯ ಮುಂಭಾಗದಿಂದ ಹೋಗುವ ಬದಲು ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ, ಅದರ ತುದಿಯ ಅಲ್ಟ್ರಾಸೌಂಡಿನಿಂದ ನೋಡುತ್ತ ಜಠರದ ಗೋಡೆಯ ಮೂಲಕ ಸೂಜಿ ಹಾಕುವುದನ್ನು ಡೆನ್ಮಾರ್ಕಿನ ಪೀಟರ್ ವಿಲ್ಮನ್ 1990ರ ದಶಕದ ಆರಂಭದಲ್ಲಿ ಸಾಧಿಸಿದರು. ಶ್ವಾಸನಾಳದೊಳಗಿಂದ ಎದೆಯ ನಡುವಿನ ಗ್ರಂಥಿಗಳಿಗೂ ಈಗ ಹಾಗೆಯೇ ಹೋಗುತ್ತಾರೆ.

ಯಾವ ಗಡ್ಡೆಗೆ ಚುಚ್ಚಬೇಕು ಎಂಬುದರ ವಿಚಾರಕ್ಕೆ ಬಂದರೆ ಕಸುಬುದಾರರ ಅಳತೆ ಗೊತ್ತಾಗುತ್ತದೆ. ಶ್ವಾಸಕೋಶದಲ್ಲಿ ಐದು ಸೆಂಟಿಮೀಟರ್ ಗಡ್ಡೆ ಇದೆ, ಜೊತೆಗೆ ಕತ್ತಿನ ಬುಡದಲ್ಲಿ ಕಡಲೆಯಷ್ಟು ಗಂಟೊಂದಿದೆ ಎನ್ನಿ. ಹೊಸಬರ ಕಣ್ಣು ದೊಡ್ಡದರ ಮೇಲೆ ಬೀಳುತ್ತದೆ. ಪಳಗಿದವರು ಕತ್ತಿನ ಗಂಟಿಗೇ ಸೂಜಿ ಹಾಕುತ್ತಾರೆ. ಗಾಳಿ ಸೋರುವ ಭಯವಿಲ್ಲ. ಅಲ್ಲಿ ಕ್ಯಾನ್ಸರ್ ಸಿಕ್ಕರೆ ರೋಗದ ಹೆಸರೂ ಅದು ಎಷ್ಟು ದೂರ ಬಂದಿದೆ ಎಂಬುದೂ ಒಂದೇ ಚುಚ್ಚಿಗೆ ತಿಳಿಯುತ್ತದೆ. ಪೂರ್ತಿ ಸ್ಕ್ಯಾನ್ ನೋಡದೆ, ಕತ್ತನ್ನು ಕೈಯಿಂದ ಮುಟ್ಟಿಯೂ ನೋಡದೆ ನೇರ ಎದೆಗೆ ಸೂಜಿ ಹಾಕುವವರನ್ನು ನಾನು ಒಳ್ಳೆಯ ಕಸುಬುದಾರರೆಂದು ಒಪ್ಪಲಾರೆ.

ಎಳೆ ಕೈಗೆ ಬಂದ ಮೇಲೂ ಕೆಡಿಸಲು ಬೇಕಾದಷ್ಟು ಅವಕಾಶವಿದೆ. ತೆಳು ಸೂಜಿಯ ಕೋಶಗಳನ್ನು ಕೆಲವು ಸ್ಲೈಡುಗಳ ಮೇಲೆ ಗಾಳಿಗೆ ಒಣಗಲು ಬಿಡುತ್ತಾರೆ, ಅವು ಗೀಮ್ಸಾ ಬಣ್ಣಕ್ಕೆ. ಕೆಲವನ್ನು ಒಣಗುವ ಮೊದಲೇ ಆಲ್ಕೊಹಾಲಿಗೆ ಅದ್ದುತ್ತಾರೆ, ಅವು ಪ್ಯಾಪ್ ಬಣ್ಣಕ್ಕೆ. ಅರೆಬರೆ ಒಣಗಿದ ಸ್ಲೈಡು ಎರಡಕ್ಕೂ ಒಗ್ಗದು. ಕೋರ್ ಎಳೆ ಹೋಗುವುದು ಫಾರ್ಮಲಿನ್ ಶೀಶೆಗೆ. ಆದರೆ ಎಲ್ಲವೂ ಫಾರ್ಮಲಿನ್ನಿಗೆ ಹೋಗಬಾರದು, ಮತ್ತು ನಮ್ಮ ದೇಶದಲ್ಲಿ ಇದು ದೊಡ್ಡ ವಿಷಯ. ಇಲ್ಲಿ ಕತ್ತಿನ ಗಂಟು, ಎದೆಯ ನೆರಳು, ಬೆನ್ನುಮೂಳೆಯ ಸವೆತ, ಯಾವುದೇ ಆದರೂ ಕ್ಯಾನ್ಸರ್ ಆಗಿರುವಷ್ಟೇ ಟಿಬಿಯೂ ಆಗಿರಬಹುದು. ಎಕ್ಸ್‌ರೇಯ ನೆರಳು ನೋಡಿ ಟಿಬಿ ಮಾತ್ರೆ ಶುರುಮಾಡಿ ತಿಂಗಳುಗಟ್ಟಲೆ ಕಾದು, ಕೊನೆಗೆ ಕ್ಯಾನ್ಸರ್ ಎಂದು ಗೊತ್ತಾದವರ ಕಥೆ ಎದೆರೋಗ ವೈದ್ಯರೆಲ್ಲರ ಬಳಿ ಇದೆ. ಅದರ ತಿರುವು ಮುರುವಿನದೂ ಇದೆ. ಫಾರ್ಮಲಿನ್ ಟಿಬಿ ರೋಗಾಣುವನ್ನು ಕೊಂದುಬಿಡುತ್ತದೆ, ಆಮೇಲೆ ಅದನ್ನು ಬೆಳೆಸಿ ನೋಡುವ ಕಲ್ಚರ್ ಮಾಡಲಾಗದು. ಆದ್ದರಿಂದ ಬಲ್ಲವರು ಒಂದು ಎಳೆಯನ್ನು ಬರೀ ಸಲೈನಿನಲ್ಲಿ ಹಾಕಿ ಕಲ್ಚರಿಗೆ, ರೋಗಾಣುವಿನ ಡಿಎನ್‌ಎ ಹುಡುಕುವ ಸಿಬಿನಾಟ್ ಪರೀಕ್ಷೆಗೆ ಬೇರೆಯಾಗಿ ಕಳಿಸುತ್ತಾರೆ. ದುಗ್ಧಗ್ರಂಥಿಗಳ ಕ್ಯಾನ್ಸರಾದ ಲಿಂಫೋಮಾದ ಅನುಮಾನವಿದ್ದರೆ ಇನ್ನೊಂದು ಎಳೆ ಹಸಿಯಾಗಿಯೇ ಬೇಕು. ಚುಚ್ಚುವ ಮೊದಲೇ ಇದನ್ನು ಯೋಚಿಸದಿದ್ದರೆ ಎರಡನೇ ಸಲ ಚುಚ್ಚಬೇಕಾಗುತ್ತದೆ.

ಲ್ಯಾಬಿನಲ್ಲಿ ಎಳೆಯನ್ನು ಮೇಣದೊಳಗೆ ಕೂರಿಸಿ ಮೂರು ನಾಲ್ಕು ಮೈಕ್ರಾನ್ ದಪ್ಪದ ಹಾಳೆಗಳಾಗಿ ಸೀಳುತ್ತಾರೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಲೆಕ್ಕಕ್ಕೆ ಒಂದೇ ಎಳೆಯಿಂದ ನೂರಕ್ಕೂ ಹೆಚ್ಚು ಹಾಳೆ ಬರಬೇಕು. ಯಂತ್ರದ ಅಲಗಿಗೆ ಮೇಣದ ಅಚ್ಚನ್ನು ಪ್ರತಿ ಸಲ ಹೊಸದಾಗಿ ಹೊಂದಿಸುವಾಗ ಅರ್ಧ ಎಳೆ ಪುಡಿಯಾಗಿ ಹೋಗಿರುತ್ತದೆ. ಮೊದಲೆಲ್ಲ ಇದು ಅಷ್ಟು ಮುಖ್ಯವಾಗಿರಲಿಲ್ಲ. ‘ಶ್ವಾಸಕೋಶದ ಕ್ಯಾನ್ಸರ್, ಸಣ್ಣ ಕೋಶದ್ದಲ್ಲ’ ಎಂದರೆ ಸಾಕಿತ್ತು. ಈಗ ಇಜಿಎಫ್ಆರ್, ಎಎಲ್‌ಕೆ, ಆರ್‌ಒಎಸ್1, ಪಿಡಿ-ಎಲ್1 ಎಂದು ಪರೀಕ್ಷೆಗಳ ಪಟ್ಟಿಯೇ ಇದೆ. ಒಂದೊಂದಕ್ಕೂ ಹಾಳೆ ಬೇಕು. ಇಜಿಎಫ್ಆರ್ ಜೀನಿನಲ್ಲಿ ಬದಲಾವಣೆ ಇದ್ದವರಿಗೆ ಕೀಮೋ ಬದಲು ದಿನಕ್ಕೊಂದು ಮಾತ್ರೆಯಲ್ಲಿ ಚಿಕಿತ್ಸೆ ಶುರುವಾಗಬಹುದು. ಹಾಗಾಗಿ ಜಾಣ ಪೆಥಾಲಜಿಸ್ಟ್ ಮೊದಲ ಬಣ್ಣಕ್ಕೆ ಒಂದೆರಡು ಹಾಳೆ ಖರ್ಚು ಮಾಡಿ ಉಳಿದದ್ದನ್ನು ಕಾಪಿಟ್ಟುಕೊಳ್ಳುತ್ತಾರೆ. ಸ್ತನದ ಎಳೆ ಫಾರ್ಮಲಿನ್ನಿನಲ್ಲಿ ಇರಬೇಕಾದ ಹೊತ್ತಿಗೂ ಕಟ್ಟಳೆ ಇದೆ: ಆರು ಗಂಟೆಗಿಂತ ಕಡಿಮೆ ಬೇಡ, 72 ಗಂಟೆಗಿಂತ ಹೆಚ್ಚೂ ಬೇಡ. ಮೀರಿದರೆ ಹಾರ್ಮೋನ್ ಪರೀಕ್ಷೆಯ ಫಲಿತಾಂಶವನ್ನು ನಂಬುವುದು ಕಷ್ಟ. ಹಬ್ಬದ ಸಾಲುರಜೆಯ ಹಿಂದಿನ ದಿನ ತೆಗೆದ ಎಳೆಯ ಬಗ್ಗೆ ಚಿಂತಿಸುವ ವೈದ್ಯರು ಸಿಕ್ಕರೆ ನಿಮ್ಮ ಅದೃಷ್ಟ.

‘ಸೂಜಿ ಚುಚ್ಚಿದ್ರೆ ಗಡ್ಡೆ ಕೆರಳಲ್ವಾ ಡಾಕ್ಟ್ರೇ?’ ಈ ಪ್ರಶ್ನೆ ಕೇಳದ ಕುಟುಂಬ ಕಡಿಮೆ. ಅದು ದಡ್ಡ ಪ್ರಶ್ನೆಯೇನಲ್ಲ, ಉತ್ತರವನ್ನು ಜಾಗ ನೋಡಿ ಹೇಳಬೇಕು. ಹೊಟ್ಟೆಯೊಳಗಿನ ಗಡ್ಡೆಗಳಿಗೆ ತೆಳು ಸೂಜಿ ಹಾಕಿದವರ ದೊಡ್ಡ ಸಮೀಕ್ಷೆಗಳಲ್ಲಿ ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಮೊಳೆತದ್ದು ಹತ್ತುಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಲಿವರಿನಲ್ಲೇ ಹುಟ್ಟುವ ಕ್ಯಾನ್ಸರಿನಲ್ಲಿ ಮಾತ್ರ ಅದು ನೂರಕ್ಕೆ ಎರಡು ಮೂರರವರೆಗೆ ಕಂಡಿದೆ. ಅದಕ್ಕೇ, ಸಿರೋಸಿಸ್ ಇರುವ ಲಿವರಿನಲ್ಲಿ ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧ ಕೊಟ್ಟು ತೆಗೆದ ಸ್ಕ್ಯಾನಿನಲ್ಲಿ ಗಡ್ಡೆ ಮೊದಲು ಬೆಳಗಿ ಆಮೇಲೆ ಮಸುಕಾಗುವ ಲಕ್ಷಣ ಸ್ಪಷ್ಟವಾಗಿದ್ದರೆ ಸೂಜಿಯಿಲ್ಲದೆಯೇ ರೋಗ ನಿರ್ಧರಿಸುತ್ತಾರೆ. ವೃಷಣದ ಗಡ್ಡೆಗೆ ಸೂಜಿ ಹಾಕುವುದಿಲ್ಲ, ತೊಡೆಸಂದಿಯ ಮೂಲಕ ನೇರ ಆಪರೇಷನ್. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯ ಗಡ್ಡೆಗೆ ಮೊದಲು ರಕ್ತ, ಮೂತ್ರದ ಹಾರ್ಮೋನ್ ಪರೀಕ್ಷೆ. ಕೆಲವು ಗಡ್ಡೆಗಳನ್ನು ಚುಚ್ಚಿದರೆ ಬಿಪಿ ಪ್ರಾಣಾಪಾಯದ ಮಟ್ಟಕ್ಕೆ ಏರಬಲ್ಲದು.

ಮೂಳೆ, ಮಾಂಸಖಂಡಗಳ ಕ್ಯಾನ್ಸರಾದ ಸಾರ್ಕೋಮಾದಲ್ಲಿ ಕಟ್ಟುನಿಟ್ಟು ಇನ್ನೂ ಬಿಗಿ. ಸೂಜಿ ಹೋದ ದಾರಿಯನ್ನೂ ಮುಂದೆ ಗಡ್ಡೆಯ ಜೊತೆ ಕತ್ತರಿಸಿ ತೆಗೆಯಬೇಕಾಗುತ್ತದೆ. ಆದ್ದರಿಂದ ಆಪರೇಷನ್ ಮಾಡುವವರ ಜೊತೆ ಕೂತು, ಅವರ ಚಾಕು ಎಲ್ಲಿ ಹೋಗುತ್ತದೋ ಅದೇ ಗೆರೆಯಲ್ಲಿ ಸೂಜಿ ಹೋಗಬೇಕು. ಅಮೆರಿಕದ ಹೆನ್ರಿ ಮ್ಯಾನ್‌ಕಿನ್ 1982ರಲ್ಲಿ ಇಂಥ ಬಯಾಪ್ಸಿಗಳನ್ನು ಪರಿಶೀಲಿಸಿ ತೋರಿಸಿದ್ದು ಇದನ್ನೇ: ಮುಂದೆ ಚಿಕಿತ್ಸೆ ಕೊಡುವ ಕೇಂದ್ರದಲ್ಲೇ ಮಾಡುವ ಬದಲು ಬೇರೆಡೆ ಬಯಾಪ್ಸಿ ಮಾಡಿಸಿಕೊಂಡು ಬಂದವರಲ್ಲಿ ತೊಂದರೆಗಳು ಎಷ್ಟೋ ಪಟ್ಟು ಹೆಚ್ಚು. ತಪ್ಪಾಗಿ ಮಾಡಿದ ಬಯಾಪ್ಸಿಯಿಂದ ಉಳಿಯಬಹುದಾಗಿದ್ದ ಕಾಲು ಹೋದ ಉದಾಹರಣೆಗಳೂ ಅದರಲ್ಲಿದ್ದವು. ಮಿಕ್ಕ ಹೆಚ್ಚಿನ ಗಡ್ಡೆಗಳಲ್ಲಿ ಸೂಜಿಗೆ ಹೆದರಿ ಕಳೆಯುವ ತಿಂಗಳುಗಳೇ ಸೂಜಿಗಿಂತ ಅಪಾಯಕಾರಿ.

ಕೊನೆಗೆ ರಿಪೋರ್ಟು. ಥೈರಾಯ್ಡಿನ ರಿಪೋರ್ಟನ್ನು ಈಗ ಆರು ದರ್ಜೆಗಳಲ್ಲಿ ಬರೆಯುತ್ತಾರೆ. 2007ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ನಡೆದ ಸಭೆಯಿಂದ ಬಂದ ಪದ್ಧತಿ. ಅದರಲ್ಲೂ ಫಾಲಿಕ್ಯುಲರ್ ಗಡ್ಡೆಯಾದರೆ ಸಾದಾ ಗಂಟೋ ಕ್ಯಾನ್ಸರೋ ಎಂದು ತೆಳು ಸೂಜಿ ಹೇಳಲಾರದು, ಏಕೆಂದರೆ ಎರಡರ ಕೋಶಗಳೂ ಒಂದೇ ಬಗೆ. ಗಡ್ಡೆಯ ಕವಚವನ್ನು ಅವು ಭೇದಿಸಿವೆಯೇ ಎಂಬುದೇ ವ್ಯತ್ಯಾಸ, ಅದು ಕಾಣುವುದು ಇಡೀ ಗಡ್ಡೆ ತೆಗೆದ ಮೇಲೆ. ಹೀಗೆ ತನ್ನ ಮಿತಿಯನ್ನು ತಾನೇ ಬರೆದುಕೊಡುವ ರಿಪೋರ್ಟಿನ ಬಗ್ಗೆ ನನಗೆ ಗೌರವ ಹೆಚ್ಚು. ಸ್ಕ್ಯಾನ್ ಕ್ಯಾನ್ಸರಿನಂತಿದೆ ಎನ್ನುತ್ತಿದ್ದು ಎಳೆಯಲ್ಲಿ ಬರೀ ಊತ ಬಂದರೆ ಅದನ್ನು ಶುಭಸುದ್ದಿ ಎಂದು ಮನೆಗೆ ಒಯ್ಯುವಂತಿಲ್ಲ. ರೇಡಿಯಾಲಜಿಸ್ಟ್, ಪೆಥಾಲಜಿಸ್ಟ್ ಇಬ್ಬರೂ ಕೂತು ತಾಳೆ ನೋಡಬೇಕು. ತಾಳೆಯಾಗದಿದ್ದರೆ ಮತ್ತೆ ಸೂಜಿ.

ನಿಮ್ಮ ಮನೆಯವರಿಗೆ ಈ ಪರೀಕ್ಷೆ ಬರೆದುಕೊಟ್ಟರೆ ಹಳೆಯ ಸ್ಕ್ಯಾನುಗಳ ಫಿಲ್ಮನ್ನೂ ಸಿಡಿಯನ್ನೂ ಒಯ್ಯಿರಿ, ಬರೀ ರಿಪೋರ್ಟಿನ ಹಾಳೆ ಸಾಲದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ದಿನಾಂಕ ಗೊತ್ತುಮಾಡುವಾಗಲೇ ಹೇಳಿ. ಅದನ್ನು ಯಾವಾಗ ನಿಲ್ಲಿಸಬೇಕು ಎಂಬುದನ್ನು ಹೃದಯದ ವೈದ್ಯರನ್ನೂ ಕೇಳಿಯೇ ನಿರ್ಧರಿಸಬೇಕು, ನೀವಾಗಿ ಬಿಡಬೇಡಿ. ಪರೀಕ್ಷೆ ಮುಗಿದ ಮೇಲೆ ಮೇಣದ ಅಚ್ಚು, ಅಂದರೆ ಬ್ಲಾಕ್, ಲ್ಯಾಬಿನಲ್ಲಿ ಇದೆ ಎಂದು ನೆನಪಿಡಿ. ಬೇರೆ ಆಸ್ಪತ್ರೆಗೆ ಹೋಗುವಾಗ ಅದನ್ನೂ ಸ್ಲೈಡುಗಳನ್ನೂ ಕೇಳಿ ಪಡೆದರೆ ಮತ್ತೆ ಚುಚ್ಚುವುದು ಎಷ್ಟೋ ಸಲ ತಪ್ಪುತ್ತದೆ. ಯಾರಾದರೂ ‘ಗಂಟನ್ನು ಮೊದಲು ತೆಗೆದುಬಿಡೋಣ, ಆಮೇಲೆ ಟೆಸ್ಟಿಗೆ ಕಳಿಸೋಣ’ ಎಂದರೆ ‘ಸೂಜಿ ಪರೀಕ್ಷೆ ಯಾಕೆ ಬೇಡ?’ ಎಂದು ಕೇಳಿ. ಅದಕ್ಕೆ ಒಳ್ಳೆಯ ಕಾರಣವಿರುವುದೂ ಉಂಟು. ಕಾರಣ ಹೇಳಲು ಬಾರದಿದ್ದರೆ, ಆಪರೇಷನ್ನಿಗೆ ಸಹಿ ಹಾಕುವ ಮೊದಲು ಇನ್ನೊಬ್ಬ ವೈದ್ಯರನ್ನು ಕಾಣಿ.